ಟೈಗರ್ ಬಾರ್ಬ್ ಕೈಗೆ ಸಿಗುತ್ತಿಲ್ಲ, ಗಿಡವೆಲ್ಲ ಕಿತ್ತು ಬಂತು

ಮೀನುತೊಟ್ಟಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ನಮ್ಮ ಮನೆಯಲ್ಲಿ ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇದೆ. ಎರಡು ವರ್ಷದಿಂದ ಅದರಲ್ಲಿ ಗಿಡ ಬೆಳೆಸಿದ್ದೇನೆ. ಹಿಂದುಗಡೆ ವ್ಯಾಲಿಸ್ನೇರಿಯಾ, ಮಧ್ಯೆ ದೊಡ್ಡ ಅಮೆಜಾನ್ ಸ್ವೋರ್ಡ್, ಮುಂದೆ ಕ್ರಿಪ್ಟೊಕೊರೈನ್, ಕೊರಡಿಗೆ ಕಟ್ಟಿದ ಜಾವಾ ಫರ್ನ್. ಎರಡು ಏಂಜೆಲ್ ಮೀನು, ಹನ್ನೆರಡು ಟೆಟ್ರಾ ಆರಾಮಾಗಿದ್ದವು. ನಾಲ್ಕು ತಿಂಗಳ ಹಿಂದೆ ಬಣ್ಣ ಚೆನ್ನಾಗಿದೆ ಅಂತ ಮೂರು ಟೈಗರ್ ಬಾರ್ಬ್ ತಂದೆ. ಈಗ ಏಂಜೆಲ್‌ಗಳ ಉದ್ದನೆ ರೆಕ್ಕೆ ಚಿಂದಿ ಬಟ್ಟೆಯಂತಾಗಿದೆ. ಒಂದಂತೂ ಫಿಲ್ಟರ್ ಹಿಂದೆ ಸೇರಿಕೊಂಡು ಊಟಕ್ಕೂ ಬರುತ್ತಿಲ್ಲ. ಎರಡು ಸಂಜೆ ಬಲೆ ಹಿಡಿದು ನಿಂತೆ. ಗಿಡ ಕಿತ್ತು ಬಂತು, ನೀರು ರಾಡಿಯಾಯಿತು, ಬಾರ್ಬ್ ಒಂದೂ ಸಿಗಲಿಲ್ಲ. ಪೂರ್ತಿ ಖಾಲಿ ಮಾಡಿಬಿಡು ಅಂತಾರೆ ಮನೆಯವರು. ಬೇರೆ ದಾರಿ ಇಲ್ವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ದಾರಿ ಇದೆ. ಟ್ಯಾಂಕ್ ಖಾಲಿ ಮಾಡಬೇಡಿ. ಎರಡು ವರ್ಷ ಬೇರು ಬಿಟ್ಟ ಅಮೆಜಾನ್ ಸ್ವೋರ್ಡನ್ನು ಕಿತ್ತರೆ ಅದರ ಜೊತೆ ಅರ್ಧ ಟ್ಯಾಂಕಿನ ಮಣ್ಣೇ ಎದ್ದು ಬರುತ್ತದೆ. ಕ್ರಿಪ್ಟೊಕೊರೈನ್‌ಗಂತೂ ಜಾಗ ಕದಲಿಸಿದರೆ ಆಗುವುದೇ ಇಲ್ಲ, ಒಂದೇ ವಾರದಲ್ಲಿ ಎಲೆಯೆಲ್ಲ ಕರಗಿ ಲೋಳೆಯಾಗುತ್ತದೆ. ನಿಮ್ಮದು ಈಗಾಗಲೇ ಹಾಗಾಗಿದ್ದರೆ ಬೇರು ಕೀಳಬೇಡಿ. ಬೇರು ಗಟ್ಟಿಯಾಗಿದ್ದರೆ ಮತ್ತೆ ಚಿಗುರುತ್ತದೆ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಬಾರ್ಬ್ ಹಿಡಿಯುವ ಮೊದಲು ಆ ಫಿಲ್ಟರ್ ಹಿಂದಿನ ಏಂಜೆಲನ್ನು ಹೊರಗೆ ತೆಗೆಯಿರಿ. ಏಟು ತಿಂದು ಮೂಲೆ ಸೇರಿದ ಮೀನು ಓಡುವುದಿಲ್ಲ. ಬಲೆ ಬೇಡ, ಅದರ ಹರಿದ ರೆಕ್ಕೆ ಬಲೆಯ ನೂಲಿಗೆ ಸಿಕ್ಕಿ ಇನ್ನೂ ಹರಿಯುತ್ತದೆ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬ ಮುಳುಗಿಸಿ, ಇನ್ನೊಂದು ಕೈಯಿಂದ ಮೆಲ್ಲಗೆ ಅದರ ಕಡೆ ದಾರಿ ತೋರಿಸಿ, ನೀರಿನ ಸಮೇತ ಎತ್ತಿ. 20 ಲೀಟರಿನ ಬಕೆಟ್ಟಿಗೆ ಅದೇ ಟ್ಯಾಂಕಿನ ನೀರು ತುಂಬಿ, ಗಾಳಿ ಪಂಪಿನ ಕೊಳವೆ ಬಿಟ್ಟು, ಮೇಲೆ ಬಟ್ಟೆ ಮುಚ್ಚಿ ಕತ್ತಲಿರುವ ಕಡೆ ಇಡಿ. ದಿನಾ ಕಾಲು ಭಾಗ ನೀರು ಬದಲಿಸಿ. ಎರಡು ದಿನ ಯಾರ ಕಾಟವೂ ಇಲ್ಲದೆ ಇದ್ದರೆ ತಿನ್ನಲು ಶುರು ಮಾಡುತ್ತದೆ.

ಇದನ್ನು ಮೊದಲು ಹೇಳುವುದಕ್ಕೆ ಕಾರಣ ಇದೆ. ತುಂಬಾ ವರ್ಷಗಳ ಹಿಂದೆ ನನ್ನ ಟ್ಯಾಂಕಿನಲ್ಲಿ ಒಂದು ನೀಲಿ ಗೌರಾಮಿ ಇತ್ತು. ಜೊತೆಗಿದ್ದ ಪರ್ಲ್ ಗೌರಾಮಿಯನ್ನು ಅದು ದಿನಾ ಅಟ್ಟುತ್ತಿತ್ತು. ಇವತ್ತು ಹಿಡಿಯೋಣ, ಭಾನುವಾರ ಹಿಡಿಯೋಣ ಅಂತ ಒಂದು ತಿಂಗಳು ಮುಂದೂಡಿದೆ. ಒಂದು ಬೆಳಿಗ್ಗೆ ಆ ಪರ್ಲ್ ಗೌರಾಮಿ ಗಿಡದ ಬುಡದಲ್ಲಿ ಅಡ್ಡ ಬಿದ್ದಿತ್ತು. ಮೈಮೇಲೆ ದೊಡ್ಡ ಗಾಯವೇನೂ ಇರಲಿಲ್ಲ, ಹೊಟ್ಟೆ ಮಾತ್ರ ಒಳಗೆ ಹೋಗಿತ್ತು. ಊಟಕ್ಕೆ ಬರಲು ಹೆದರಿ ಹೆದರಿ ಸತ್ತಿತ್ತು. ಅಂದಿನಿಂದ ಯಾರು ಕೇಳಿದರೂ ಮೊದಲು ಏಟು ತಿನ್ನುವ ಮೀನನ್ನು ಉಳಿಸಿ ಅಂತಲೇ ಹೇಳುತ್ತೇನೆ.

ಇನ್ನು ಟೈಗರ್ ಬಾರ್ಬ್. ಇದು ಸುಮಾತ್ರಾ, ಬೋರ್ನಿಯೋ ಕಡೆಯ ಮೀನು, ಗುಂಪಿನಲ್ಲಿ ಬದುಕುವಂಥದ್ದು. ಎಂಟು ಹತ್ತು ಇದ್ದರೆ ತಮ್ಮತಮ್ಮಲ್ಲೇ ಅಟ್ಟಾಡಿಕೊಂಡು, ಮೇಲೆ ಯಾರು ಕೆಳಗೆ ಯಾರು ಅಂತ ತೀರ್ಮಾನಿಸಿಕೊಂಡು ಇರುತ್ತವೆ. ಮೂರೇ ಇದ್ದಾಗ ಆ ಚುರುಕೆಲ್ಲ ಪಕ್ಕದವರ ಮೇಲೆ ತಿರುಗುತ್ತದೆ. ಏಂಜೆಲ್‌ನಂಥ ನಿಧಾನದ, ಉದ್ದ ರೆಕ್ಕೆಯ ಮೀನು ಕಣ್ಣೆದುರು ತೇಲುತ್ತಿದ್ದರೆ ಕಚ್ಚದೆ ಇರುವುದಿಲ್ಲ. ಇನ್ನೂ ಐದು ತಂದು ಗುಂಪು ದೊಡ್ಡದು ಮಾಡಿ ಅಂತ ಯಾರಾದರೂ ಹೇಳಬಹುದು. ಏಂಜೆಲ್ ಇರುವ ಟ್ಯಾಂಕಿಗೆ ಆ ಸಲಹೆ ಬೇಡ. ಕಚ್ಚುವುದು ಕಮ್ಮಿಯಾಗಬಹುದು, ನಿಲ್ಲುವುದಿಲ್ಲ.

ಈಗ ಹಿಡಿಯುವ ವಿಷಯ. ಮೂರು ದಿನ ಬಲೆ ಮುಟ್ಟಬೇಡಿ. ಮೀನಿಗೆ ನೆನಪಿರಲ್ಲ ಅನ್ನುವುದು ಸುಳ್ಳು ಮಾತು. ಎರಡು ಸಂಜೆ ನೀವು ಅಟ್ಟಿದ್ದೀರಿ. ಈಗ ಬಲೆಯ ನೆರಳು ಬಿದ್ದರೂ ಅವು ವ್ಯಾಲಿಸ್ನೇರಿಯಾದೊಳಗೆ ನುಗ್ಗುತ್ತವೆ. ಗಿಡ ತುಂಬಿದ ಟ್ಯಾಂಕಿನಲ್ಲಿ ಓಟದಲ್ಲಿ ಗೆಲ್ಲುವುದು ಮೀನೇ. ಅದು ತಾನಾಗಿ ಬರುವ ಹಾಗೆ ಮಾಡಬೇಕು.

ನಾನು ತೀರ್ಥಹಳ್ಳಿ ಕಡೆಯವಳು. ಮೊದಲ ಮಳೆಗೆ ಗದ್ದೆಯ ತೋಡಿನಲ್ಲಿ ಮೀನು ಹತ್ತುವಾಗ ನಮ್ಮ ಕಡೆ ಕೂಳಿ ಹಾಕುತ್ತಿದ್ದರು. ಬಿದಿರು ಕಡ್ಡಿಯ ಉದ್ದನೆ ಬುಟ್ಟಿ. ಬಾಯಿ ಅಗಲ, ಒಳಗೆ ಹೋಗುತ್ತಾ ಕಡ್ಡಿಗಳು ಕೂಡಿಕೊಂಡು ಸಣ್ಣ ಕಂಡಿಯಾಗುತ್ತದೆ. ಒಳಗೆ ಹೋದ ಮೀನು ಗೋಡೆಗುಂಟ ಸುತ್ತುತ್ತದೆಯೇ ಹೊರತು ಮಧ್ಯದಲ್ಲಿರುವ ಕಂಡಿ ಅದಕ್ಕೆ ಕಾಣುವುದಿಲ್ಲ. ನಿಮಗೆ ಬೇಕಿರುವುದು ಆ ಕೂಳಿಯೇ. ಅದನ್ನು ಎರಡು ಲೀಟರಿನ ತಂಪು ಪಾನೀಯದ ಬಾಟಲಿಯಲ್ಲಿ ಮಾಡಬಹುದು.

ಬಾಟಲಿಯ ಭುಜ ಮುಗಿಯುವಲ್ಲಿ ಸುತ್ತ ಕತ್ತರಿಸಿ. ಮೇಲಿನ ತುಂಡು ಒಂದು ಆಲಿಕೆಯಂತೆ ಸಿಗುತ್ತದೆ. ಮುಚ್ಚಳ ತಿರುಗಿಸುವ ಕುತ್ತಿಗೆಯನ್ನೂ ಕತ್ತರಿಸಿ ತೆಗೆಯಬೇಕು. ತುಂಬಾ ಜನ ತಪ್ಪುವುದು ಇಲ್ಲೇ. ಬಾಟಲಿಯ ಬಾಯಿ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಇರುತ್ತದೆ, ಅಷ್ಟೇ. ಬೆಳೆದ ಟೈಗರ್ ಬಾರ್ಬ್ ದಪ್ಪಕ್ಕಿಂತ ಎತ್ತರ ಜಾಸ್ತಿ ಇರುವ ಮೈಯ ಮೀನು, ಅದರೊಳಗೆ ತೂರುವುದಿಲ್ಲ. ಎರಡು ಬೆರಳು ಜೋಡಿಸಿ ಸಲೀಸಾಗಿ ಹೋಗುವಷ್ಟು ಕಂಡಿ ಮಾಡಿ. ಕತ್ತರಿಸಿದ ಅಂಚು ಬ್ಲೇಡಿನಂತಿರುತ್ತದೆ, ಮರಳು ಕಾಗದದಿಂದ ತಿಕ್ಕಿ ನಯ ಮಾಡಿ, ನಿಮ್ಮ ಬೆರಳನ್ನೇ ಆಡಿಸಿ ನೋಡಿ. ನಿಮಗೆ ಚುಚ್ಚಿದರೆ ಮೀನಿಗೂ ಚುಚ್ಚುತ್ತದೆ. ಬಾಟಲಿಯ ಮೈಗೆ ದಬ್ಬಣ ಕಾಯಿಸಿ ಇಪ್ಪತ್ತು ಮೂವತ್ತು ತೂತು ಹಾಕಿ. ನೀರು ಆಡಬೇಕು, ಊಟದ ವಾಸನೆ ಹೊರಗೆ ಹೋಗಬೇಕು. ತಳಕ್ಕೆ ತೊಳೆದ ನಾಲ್ಕು ಬೆಣಚುಕಲ್ಲು ಹಾಕಿದರೆ ತೇಲುವುದಿಲ್ಲ.

ಆಲಿಕೆಯನ್ನು ಮೊದಲೆರಡು ದಿನ ಜೋಡಿಸಬೇಡಿ. ಬರೀ ಬಾಟಲಿಯನ್ನು ಮುಂಭಾಗದ ಬಯಲಲ್ಲಿ ಅಡ್ಡ ಮಲಗಿಸಿ. ನೀವು ದಿನಾ ಊಟ ಹಾಕುವ ಜಾಗವಾದರೆ ಒಳ್ಳೆಯದು. ಮೊದಲ ದಿನ ಪೂರ್ತಿ ಉಪವಾಸ. ಎರಡನೇ ದಿನದಿಂದ ಊಟ ಬಾಟಲಿಯೊಳಗೆ ಮಾತ್ರ. ಹೊರಗೆ ಒಂದು ಕಾಳೂ ಬೀಳಬಾರದು. ಅಂಗಡಿಯಲ್ಲಿ ಹೆಪ್ಪುಗಟ್ಟಿಸಿ ಮಾರುವ ಕೆಂಪು ಹುಳ ಸಿಕ್ಕರೆ ಅದಕ್ಕಿಂತ ಒಳ್ಳೆಯ ಆಸೆ ಇನ್ನಿಲ್ಲ. ಇಲ್ಲದಿದ್ದರೆ ದಿನಾ ಹಾಕುವ ಕಾಳೇ ಸಾಕು. ಮೊದಲು ಟೆಟ್ರಾಗಳು ಹೋಗುತ್ತವೆ. ಅವು ತಿನ್ನುವುದನ್ನು ನೋಡಿ ಬಾರ್ಬ್ ತಡೆದುಕೊಳ್ಳುವುದಿಲ್ಲ. ಅದು ನುಗ್ಗಿ ಟೆಟ್ರಾಗಳನ್ನು ಓಡಿಸಿ ಅಲ್ಲೇ ನಿಲ್ಲಲು ಶುರು ಮಾಡಿದ ಮೇಲೆ, ಆಲಿಕೆಯನ್ನು ತಿರುಗಿಸಿ ಒಳಮುಖವಾಗಿ ಕೂರಿಸಿ, ಎರಡು ಕಡೆ ದಾರದಿಂದ ಕಟ್ಟಿ. ಅಂಟು ಹಾಕಬೇಡಿ.

ಆಮೇಲೆ ಒಂದು ಕುರ್ಚಿ ಹಾಕಿಕೊಂಡು, ಟ್ಯಾಂಕಿನಿಂದ ನಾಲ್ಕು ಅಡಿ ದೂರ ಸುಮ್ನೆ ಕೂತುಬಿಡಿ. ಬೆಳಿಗ್ಗೆ ಹಸಿದಿರುವ ಹೊತ್ತು ಒಳ್ಳೆಯದು. ಬಾರ್ಬ್ ಮೊದಲು ಬಾಟಲಿಯ ಹಿಂದೆ ಹೋಗಿ ಪ್ಲಾಸ್ಟಿಕ್ಕಿಗೆ ಮೂತಿ ಒತ್ತುತ್ತದೆ. ಊಟ ಕಾಣುತ್ತದೆ, ದಾರಿ ಕಾಣುವುದಿಲ್ಲ. ಎರಡು ಸುತ್ತು ಹಾಕಿ ಮುಂದೆ ಬರುತ್ತದೆ. ಆಲಿಕೆಯ ಅಂಚಿಗೆ ಬಂದು ನಿಂತು ಹಿಂದಕ್ಕೆ ಸರಿಯುತ್ತದೆ. ಆಗ ನೀವು ಏಳಬಾರದು. ಮೂರನೇ ಸಲವೋ ನಾಲ್ಕನೇ ಸಲವೋ ಬೆನ್ನಿನ ರೆಕ್ಕೆ ಮಡಚಿಕೊಂಡು ಸರ್ರನೆ ಒಳಗೆ ಹೋಗುತ್ತದೆ. ಒಳಗಿದ್ದರೂ ಒಂದು ನಿಮಿಷ ತಿನ್ನುತ್ತಲೇ ಇರುತ್ತದೆ. ಆಗ ಎದ್ದು, ಬಾಯಿ ಮೇಲಾಗುವಂತೆ ಬಾಟಲಿಯನ್ನು ನಿಧಾನಕ್ಕೆ ನಿಲ್ಲಿಸಿ ಎತ್ತಿ. ಟೆಟ್ರಾ ಸಿಕ್ಕಿದ್ದರೆ ಬಿಟ್ಟು ಮತ್ತೆ ಇಡಿ. ಏಂಜೆಲ್ ಆ ಕಂಡಿಯಲ್ಲಿ ಹೋಗುವುದಿಲ್ಲ, ಆ ಹೆದರಿಕೆ ಬೇಡ.

ರಾತ್ರಿ ಇಟ್ಟು ಮಲಗುವುದು ಮಾತ್ರ ಬೇಡ. ಸಣ್ಣ ಬಾಟಲಿಯಲ್ಲಿ ಟೆಟ್ರಾ ಮತ್ತು ಬಾರ್ಬ್ ಒಟ್ಟಿಗೆ ಸಿಕ್ಕಿಕೊಂಡರೆ ಬೆಳಿಗ್ಗೆ ನೋಡಲು ಕಷ್ಟವಾಗುತ್ತದೆ.

ಎರಡು ಹೀಗೆ ಸಿಗುತ್ತವೆ. ಮೂರನೆಯದು ಜೊತೆಯವರು ಮಾಯವಾದದ್ದು ನೋಡಿ ಹತ್ತಿರ ಬರುವುದಿಲ್ಲ. ನನಗೆ ಒಂದು ಸಲ ಕೊನೆಯ ಬಾರ್ಬ್ ಸಿಗಲು ಒಂಬತ್ತು ದಿನ ಬೇಕಾಯಿತು. ಅದಕ್ಕೆ ರಾತ್ರಿಯೇ ಸರಿ. ಹತ್ತು ಗಂಟೆಗೆ ಟ್ಯಾಂಕಿನ ದೀಪ, ಕೋಣೆಯ ದೀಪ ಎರಡನ್ನೂ ಆರಿಸಿ. ಎರಡು ಮೂರು ಗಂಟೆ ಬಿಟ್ಟು ಹೋಗಿ. ಮೊಬೈಲ್ ಟಾರ್ಚಿಗೆ ಕೆಂಪು ಜೆಲಟಿನ್ ಕಾಗದ ಸುತ್ತಿ ಪಕ್ಕದಿಂದ ಬೆಳಕು ಬಿಡಿ. ನಿದ್ದೆಯಲ್ಲಿರುವ ಟೈಗರ್ ಬಾರ್ಬ್ ಬೇರೆ ಮೀನಿನ ಹಾಗೇ ಕಾಣುತ್ತದೆ. ಹಗಲಿನ ಗಾಢ ಕಪ್ಪು ಪಟ್ಟೆಗಳು ಮಾಸಿ ಬೂದಿ ಬಣ್ಣಕ್ಕೆ ಬಂದಿರುತ್ತವೆ. ಗಿಡದ ಬುಡದ ಹತ್ತಿರ ತಲೆ ಸ್ವಲ್ಪ ಕೆಳಗೆ ಮಾಡಿ ನಿಂತಿರುತ್ತದೆ. ಅದರ ಮುಂದೆ ದೊಡ್ಡ ಬಲೆಯನ್ನು ಇಟ್ಟು ಅಲ್ಲಾಡಿಸದೆ ಹಿಡಿದುಕೊಳ್ಳಿ. ಹಿಂದಿನಿಂದ ಒಂದು ಕಡ್ಡಿಯೋ ಸಣ್ಣ ಬಲೆಯೋ ಮೆಲ್ಲಗೆ ತನ್ನಿ. ಓಡುವ ಮೀನು ಅಲುಗಾಡುವುದನ್ನು ನೋಡುತ್ತದೆ, ನಿಂತದ್ದನ್ನು ನೋಡುವುದಿಲ್ಲ. ಎರಡು ಬಲೆಯ ಗುಟ್ಟೇ ಇದು. ಮನೆಯವರು ಟಾರ್ಚ್ ಹಿಡಿದರೆ ಕೆಲಸ ಸಲೀಸು.

ಇದೂ ಆಗದಿದ್ದರೆ ನೀರು ಇಳಿಸಿ, ಆದರೆ ಗಿಡ ಕೀಳಬೇಡಿ. ಮೊದಲು ಹೀಟರಿನ ಪ್ಲಗ್ ತೆಗೆದು ಕಾಲು ಗಂಟೆ ಬಿಡಿ. ಬಿಸಿಯಾದ ಗಾಜಿನ ಹೀಟರ್ ನೀರಿನಿಂದ ಹೊರಗಾದರೆ ಒಡೆಯುತ್ತದೆ. ಫಿಲ್ಟರಿನ ಸ್ಪಂಜು ಒಣಗದಂತೆ ಅದೇ ನೀರಿನಲ್ಲಿ ಮುಳುಗಿಸಿಡಿ. ನಿಮ್ಮ ಟ್ಯಾಂಕಿನಲ್ಲಿ ಐದು ಇಂಚು ನೀರು ಉಳಿಸಬೇಕೆಂದರೆ ಸುಮಾರು 100 ಲೀಟರ್ ತೆಗೆಯಬೇಕಾಗುತ್ತದೆ. ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಐದು ಸಾಕು. ಸೋಪು ಕಂಡ ಬಕೆಟ್ ಬೇಡ. ನೀರು ಇಳಿದಂತೆ ವ್ಯಾಲಿಸ್ನೇರಿಯಾ ತಾನೇ ಮಲಗುತ್ತದೆ, ಅದನ್ನು ಒಂದು ಕಡೆಗೆ ಬಾಚಿದ ಹಾಗೆ ಸರಿಸಿ, ಮೇಲೆ ಒದ್ದೆ ಪೇಪರ್ ಹೊದಿಸಿ. ಒಂದು ಗಂಟೆ ಅದಕ್ಕೇನೂ ಆಗುವುದಿಲ್ಲ. ಜಾವಾ ಫರ್ನ್ ಕೊರಡಿನ ಸಮೇತ ಎತ್ತಿ ಪಕ್ಕಕ್ಕಿಡಿ. ಎತ್ತುವಾಗ ಕೊರಡಿನ ಸಂದಿಯಲ್ಲಿ ಮೀನು ಕೂತಿಲ್ಲ ಅಂತ ನೋಡಿಕೊಳ್ಳಿ. ಅಷ್ಟು ಕಮ್ಮಿ ನೀರಿನಲ್ಲಿ ಬಾರ್ಬಿಗೆ ಮೇಲೆ ಹೋಗಲು ಜಾಗವಿಲ್ಲ, ಸಿಕ್ಕೇ ಸಿಗುತ್ತದೆ. ಅದೇ ನೀರನ್ನು ವಾಪಸ್ ಹಾಕುವಾಗ ತಳದಲ್ಲಿ ಒಂದು ತಟ್ಟೆ ಇಟ್ಟು ಅದರ ಮೇಲೆ ಸುರಿಯಿರಿ, ಮಣ್ಣು ಏಳುವುದಿಲ್ಲ.

ಹಿಡಿದ ಬಾರ್ಬ್‌ಗಳ ಮೇಲೆ ಸಿಟ್ಟು ಬೇಡ. ದೊಡ್ಡ ಬಾರ್ಬ್ ಗುಂಪು ಇಟ್ಟಿರುವವರಿಗೋ, ತಂದ ಅಂಗಡಿಗೋ ಕೊಡಿ. ತುಂಬಾ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೆ, ದುಡ್ಡು ಕೊಡದಿದ್ದರೂ ಕೊಟ್ಟು ಬನ್ನಿ.

ಏಂಜೆಲ್ ರೆಕ್ಕೆಯ ಬುಡ ಗಟ್ಟಿಯಾಗಿದ್ದರೆ ಕೆಲವು ವಾರಗಳಲ್ಲಿ ಮತ್ತೆ ಬೆಳೆಯುತ್ತದೆ. ಮೊದಲು ಗಾಜಿನಂತೆ ಬಣ್ಣವಿಲ್ಲದ ಅಂಚು ಕಾಣುತ್ತದೆ, ಅದು ಒಳ್ಳೆಯ ಲಕ್ಷಣ. ವಾರಕ್ಕೆ ಎರಡು ಸಲ ಕಾಲು ಭಾಗ ನೀರು ಬದಲಿಸಿ, ಸಾಕು. ಟ್ಯಾಂಕಿಗೆ ಉಪ್ಪು ಹಾಕಬೇಡಿ, ಗಿಡಗಳಿಗೆ ಒಳ್ಳೆಯದಲ್ಲ. ರೆಕ್ಕೆಯ ಮೇಲೆ ಹತ್ತಿಯಂಥ ಬಿಳಿ ಕಂಡರೆ ಮಾತ್ರ ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ಪಾಚಿ ತಿನ್ನುತ್ತದೆ ಅಂತ ಅಂಗಡಿಯಲ್ಲಿ ಕೊಟ್ಟ ಹಳದಿ ಸಕ್ಕರ್ ಮೀನು ಈಗ ಐದು ಇಂಚಾಗಿದೆ. ಪಾಚಿ ಬಿಟ್ಟು ಗೋಲ್ಡ್ ಫಿಷ್ ಮೈಗೆ ಅಂಟಿಕೊಳ್ಳುತ್ತದೆ. ಗೋಲ್ಡ್ ಫಿಷ್ ಮೈಮೇಲೆ ಕೆಂಪು ಗುರುತು ಬಿದ್ದಿದೆ. ಬಲೆ ಹಾಕಿದರೆ ಬಾಣದಂತೆ ಹಾರುತ್ತದೆ.
– ಓದುಗರು, ಮಂಗಳೂರು

ಉತ್ತರ: ಅದು ಚೈನೀಸ್ ಆಲ್ಗೀ ಈಟರ್. ಹೆಸರಲ್ಲಿ ಚೀನಾ ಇದ್ದರೂ ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾದ ನದಿಗಳಲ್ಲೂ ಇದೆ. ಮರಿಯಲ್ಲಿ ನಿಜವಾಗಿಯೂ ಪಾಚಿ ತಿನ್ನುತ್ತದೆ. ಬೆಳೆಯುತ್ತಾ ಬೇರೆ ಮೀನಿನ ಮೈಯ ಲೋಳೆಯ ರುಚಿ ಹತ್ತುತ್ತದೆ. ಗೋಲ್ಡ್ ಫಿಷ್‌ನಂಥ ನಿಧಾನದ, ಅಗಲ ಮೈಯ ಮೀನು ಅದಕ್ಕೆ ಸುಲಭದ ತುತ್ತು. ಇದು ಒಂದಡಿಯ ಹತ್ತಿರಕ್ಕೂ ಬೆಳೆಯುವ ಮೀನು ಅಂತ ಮಾರುವಾಗ ಯಾರೂ ಹೇಳುವುದಿಲ್ಲ. ಹೇಳಬೇಕು.

ಇದನ್ನು ಹಿಡಿಯಲು ಅದರ ಅಂಟುವ ಗುಣವನ್ನೇ ಬಳಸಿಕೊಳ್ಳಿ. ಕಿವಿರಿನ ಮೇಲ್ಭಾಗದಲ್ಲಿ ಇದಕ್ಕೆ ನೀರು ಎಳೆದುಕೊಳ್ಳಲು ಬೇರೆಯೇ ಒಂದು ಕಂಡಿ ಇದೆ. ಅದಕ್ಕೇ ಬಾಯಿ ಗಾಜಿಗೆ ಒತ್ತಿಕೊಂಡೇ ಗಂಟೆಗಟ್ಟಲೆ ಉಸಿರಾಡಬಲ್ಲದು. ದೀಪ ಆರಿಸಿದ ಮೇಲೆ ಗಾಜಿಗೆ ಅಂಟಿರುವಾಗ, ಅಗಲ ಬಾಯಿಯ ಗಾಜಿನ ಉಪ್ಪಿನಕಾಯಿ ಜಾಡಿಯನ್ನು ಮೆಲ್ಲಗೆ ತಂದು ಅದರ ಮೇಲೆ ಕವಚಿ ಗಾಜಿಗೆ ಒತ್ತಿ. ಪಾರದರ್ಶಕ ಜಾಡಿ ಬಂದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಆಮೇಲೆ ಜಾಡಿಗೂ ಗಾಜಿಗೂ ಮಧ್ಯೆ ಹಳೆಯ ಎಕ್ಸ್‌ರೇ ಹಾಳೆಯ ತುಂಡು ಜಾರಿಸಿ ಮುಚ್ಚಿ ಎತ್ತಿ. ಹಿಡಿದ ಮೀನನ್ನು ಹಾಕುವ ಬಕೆಟ್ಟಿಗೆ ಭಾರದ ಮುಚ್ಚಳ ಇರಲಿ, ಇದು ಹಾರುತ್ತದೆ.

ಪ್ರಶ್ನೆ: ಆಂಟಿ, ನಾನು ಒಂಬತ್ತನೇ ಕ್ಲಾಸ್. ನನ್ನ ಹತ್ತಿರ ಎರಡು ಕಾನ್ವಿಕ್ಟ್ ಸಿಕ್ಲಿಡ್ ಇವೆ. ಕುಡಿಕೆಯೊಳಗೆ ಮೊಟ್ಟೆ ಇಟ್ಟ ಮೇಲೆ ಬೇರೆ ಎಲ್ಲ ಮೀನನ್ನೂ ಒಂದು ಮೂಲೆಗೆ ಅಟ್ಟಿವೆ. ಅಪ್ಪ ಕುಕ್ಕರಹಳ್ಳಿ ಕೆರೆಗೆ ಬಿಟ್ಟು ಬಾ ಅಂತಾರೆ. ಬಿಡಬಹುದಾ?
– ವಿದ್ಯಾರ್ಥಿ, ಮೈಸೂರು

ಉತ್ತರ: ಬೇಡ ಕಂದ. ಕೇಳಿ ಬರೆದದ್ದು ತುಂಬಾ ಒಳ್ಳೆಯದಾಯಿತು.

ಕಾನ್ವಿಕ್ಟ್ ಮಧ್ಯ ಅಮೆರಿಕದ ಮೀನು. ಎಂಥ ನೀರಿಗೂ ಒಗ್ಗುತ್ತದೆ, ಬೇಗ ಮರಿ ಮಾಡುತ್ತದೆ, ಮರಿಯನ್ನು ಕಾಯುತ್ತದೆ. ನಿನ್ನ ಟ್ಯಾಂಕಿನಲ್ಲಿ ಮಾಡುತ್ತಿರುವುದನ್ನೇ ಕೆರೆಯಲ್ಲೂ ಮಾಡಬಲ್ಲದು. ಅಲ್ಲಿರುವ ಸಣ್ಣ ಪುಟ್ಟ ಮೀನುಗಳಿಗೆ ಓಡಿಹೋಗಲು ಬೇರೆ ಕೆರೆ ಇರುವುದಿಲ್ಲ. 1952ರಲ್ಲಿ ನಮ್ಮ ದೇಶಕ್ಕೆ ತಿಲಾಪಿಯಾ ತಂದರು. ಇವತ್ತು ಅದು ಎಷ್ಟೋ ಕೆರೆಗಳಲ್ಲಿ ತುಂಬಿಕೊಂಡಿದೆ, ತೆಗೆಯಲು ಯಾರಿಗೂ ಆಗುತ್ತಿಲ್ಲ. ನಿನ್ನ ಪತ್ರದ ಜೊತೆ ಇದನ್ನೂ ಅಪ್ಪನಿಗೆ ಓದಿ ಹೇಳು.

ನಿನ್ನ ಮೀನು ಕೆಟ್ಟದ್ದಲ್ಲ. ಅವು ಅಪ್ಪ ಅಮ್ಮ ಆಗಿವೆ, ಅಷ್ಟೇ. ಹೊಟ್ಟೆಯಲ್ಲಿ ಕಿತ್ತಳೆ ಬಣ್ಣ ಇರುವುದು ಹೆಣ್ಣು, ಅದು ಕುಡಿಕೆಯೊಳಗೆ ರೆಕ್ಕೆಯಿಂದ ಮೊಟ್ಟೆಗೆ ಗಾಳಿ ಹಾಕುತ್ತಿರುತ್ತದೆ, ನೋಡು. ಇವುಗಳನ್ನು ಹಿಡಿಯಲು ಬಲೆಯೇ ಬೇಡ. ರಾತ್ರಿ ಎರಡೂ ಕುಡಿಕೆಯ ಹತ್ತಿರವೇ ಇರುತ್ತವೆ. ಹೆಣ್ಣು ಒಳಗಿರುವಾಗ ಕುಡಿಕೆಯ ಬಾಯಿಗೆ ಅಂಗೈ ಅಡ್ಡ ಹಿಡಿದು, ಹಾಗೇ ನೀರು ತುಂಬಿದ ಕುಡಿಕೆಯನ್ನು ಬೇರೆ ಟ್ಯಾಂಕಿಗೆ ಇಳಿಸು. ಗಂಡು ನಿನ್ನ ಕೈಗೆ ಕಚ್ಚಲು ಬರುತ್ತದೆ, ಹೆದರಬೇಡ, ಹಲ್ಲು ನಾಟುವುದಿಲ್ಲ. ಅಷ್ಟು ಹತ್ತಿರ ಬಂದಾಗ ಇನ್ನೊಬ್ಬರು ಡಬ್ಬದಲ್ಲಿ ಎತ್ತಿಕೊಳ್ಳಬಹುದು.

ಬೇರೆ ಟ್ಯಾಂಕ್ ಇಲ್ಲದಿದ್ದರೆ ಇದೇ ಟ್ಯಾಂಕಿನ ಮಧ್ಯೆ ಅಡ್ಡಗೋಡೆ ಹಾಕು. ಟ್ಯೂಬ್‌ಲೈಟಿನ ಮೇಲೆ ಹಾಕುವ ಚೌಕಟ್ಟಿನ ಪ್ಲಾಸ್ಟಿಕ್ ಜಾಲರಿ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಟ್ಯಾಂಕಿನ ಅಡ್ಡ ಅಳತೆಗೆ ಸರಿಯಾಗಿ ಕತ್ತರಿಸಿ, ತಳದ ಕಲ್ಲಿನೊಳಗೆ ಒಂದಿಂಚು ಹೂತು ನಿಲ್ಲಿಸು. ಮೇಲೆ ನೀರಿಗಿಂತ ಎತ್ತರ ಇರಲಿ. ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ, ಇನ್ನೊಂದು ವಾರದೊಳಗೆ ಮರಿಗಳು ಈಜುತ್ತವೆ. ಮರಿ ಬೆಳೆದ ಮೇಲೆ ಯಾರಿಗೆ ಕೊಡಬೇಕು ಅನ್ನುವುದನ್ನು ಈಗಲೇ ಯೋಚಿಸು, ನೂರರ ಮೇಲೆ ಇರಬಹುದು. ಯಾರೂ ಸಿಗದಿದ್ದರೆ ಮುಂದಿನ ಸಲ ಕುಡಿಕೆಯನ್ನೇ ಇಡಬೇಡ.

ಪ್ರಶ್ನೆ: ಜಗಳಗಂಟ ಮೀನು ಹಿಡಿಯಲು ಹೋಗಿ ಕೋರಿಡೋರಸ್ ಮೀನು ಬಲೆಗೆ ಸಿಕ್ಕಿಹಾಕಿಕೊಂಡಿತು. ಎಳೆದರೆ ಬರಲಿಲ್ಲ. ಏನು ಮಾಡಬೇಕಿತ್ತು?
– ಓದುಗರು, ಬೆಳಗಾವಿ

ಉತ್ತರ: ಎಳೆಯಬಾರದು. ಕೋರಿಡೋರಸ್ ಹೆದರಿದಾಗ ಪಕ್ಕದ ಮತ್ತು ಬೆನ್ನಿನ ಮುಳ್ಳನ್ನು ಸೆಟೆದು ಬೀಗ ಹಾಕಿಕೊಳ್ಳುತ್ತದೆ. ಎಳೆದಷ್ಟೂ ಮುಳ್ಳಿನ ಬುಡ ಹರಿಯುತ್ತದೆ. ಬಲೆಯನ್ನು ಮೀನಿನ ಸಮೇತ ನೀರು ತುಂಬಿದ ತಟ್ಟೆಗೆ ಇಳಿಸಿ, ಉಗುರು ಕತ್ತರಿಯಿಂದ ಮುಳ್ಳಿನ ಸುತ್ತ ಬಲೆಯ ನೂಲನ್ನೇ ಕತ್ತರಿಸಿ. ಸಣ್ಣ ಬಲೆ ಐವತ್ತು ಅರವತ್ತು ರೂಪಾಯಿಗೆ ಮತ್ತೆ ಸಿಗುತ್ತದೆ. ಮುಳ್ಳಿನ ಮೀನಿಗೆ ಯಾವಾಗಲೂ ಡಬ್ಬವೇ ಇರಲಿ. ಈಗ ಅದು ಹೇಗಿದೆ ಅಂತ ಬರೆಯಿರಿ.